ಎರಡು ಸೆಂಟಿನ ಟೇಬಲ್ಲಿನಿಂದ ಆರಂಭ: ಆನ್‌ಲೈನ್ ಪೋಕರ್ ಬಂಡವಾಳವನ್ನು ಶಿಸ್ತಿನಿಂದ ಕಟ್ಟುವ ಬಗೆ

2000ನೇ ಇಸವಿಯ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯ ಗೆದ್ದ ಅಮೆರಿಕದ ಕ್ರಿಸ್ ಫರ್ಗುಸನ್ 2006ರಲ್ಲಿ ತಮಗೆ ತಾವೇ ಒಂದು ಪಂಥ ಹಾಕಿಕೊಂಡರು. ಫುಲ್ ಟಿಲ್ಟ್ ಪೋಕರ್ ಎಂಬ ಸೈಟಿನಲ್ಲಿ ಕೈಯಿಂದ ಒಂದು ಡಾಲರನ್ನೂ ಹಾಕದೆ, ಪ್ರವೇಶ ಶುಲ್ಕವಿಲ್ಲದ ಪಂದ್ಯಗಳಲ್ಲಿ ಸಿಕ್ಕ ಚಿಲ್ಲರೆಯಿಂದಲೇ ಆರಂಭಿಸಿ ಅದನ್ನು 10,000 ಡಾಲರ್ ಮಾಡುವುದು ಆ ಪಂಥವಾಗಿತ್ತು. ಅವರು ಅದನ್ನು ಮುಟ್ಟಿದರು. ಆದರೆ ಅದಕ್ಕೆ ಸುಮಾರು 16 ತಿಂಗಳು ಹಿಡಿಯಿತು, ಮತ್ತು ಮೊದಲ ಹಲವು ತಿಂಗಳು ಕೆಲವೇ ಡಾಲರುಗಳ ಸುತ್ತ ಕಳೆದುಹೋದವು. ವಿಶ್ವ ಚಾಂಪಿಯನ್ ಒಬ್ಬರಿಗೇ ಇಷ್ಟು ಕಾಲ ಬೇಕಾಯಿತು ಎಂಬುದನ್ನು ಹೊಸ ಆಟಗಾರರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಅವರು ಪಾಲಿಸಿದ ನಿಯಮಗಳು ಮೂರೇ ಮೂರು. ನಗದು ಟೇಬಲ್ಲಿಗಾಗಲಿ, ಒಂದೇ ಟೇಬಲ್ಲಿನ ಸಣ್ಣ ಪಂದ್ಯಕ್ಕಾಗಲಿ ಒಟ್ಟು ಬಂಡವಾಳದ ಶೇ. 5ಕ್ಕಿಂತ ಹೆಚ್ಚು ಹಣ ಒಯ್ಯಬಾರದು. ಹಲವು ಟೇಬಲ್ಲುಗಳ ದೊಡ್ಡ ಪಂದ್ಯಕ್ಕೆ ಶೇ. 2ಕ್ಕಿಂತ ಹೆಚ್ಚು ಕಟ್ಟಬಾರದು. ನಗದು ಟೇಬಲ್ಲಿನಲ್ಲಿ ಗೆಲ್ಲುತ್ತ ಹೋಗಿ ಮುಂದಿರುವ ಹಣ ಒಟ್ಟು ಬಂಡವಾಳದ ಶೇ. 10ನ್ನು ದಾಟಿದರೆ, ಬ್ಲೈಂಡ್ (ಎಲೆ ನೋಡುವ ಮೊದಲೇ ಸರದಿಯಂತೆ ಕಟ್ಟಲೇಬೇಕಾದ ಪಣ) ತಮ್ಮ ಸರದಿಗೆ ಬರುತ್ತಲೇ ಎದ್ದುಬಿಡಬೇಕು. ತೀರ ಕೆಳಗಿನ ಹಂತಗಳಿಗೆ ಮಾತ್ರ ಸ್ವಲ್ಪ ರಿಯಾಯಿತಿ ಇತ್ತು, ಏಕೆಂದರೆ ಸೊನ್ನೆಯಿಂದ ಹೊರಟವರಿಗೆ ಶೇ. 5 ಎಂದರೆ ಏನೂ ಇಲ್ಲ. ಈ ಮೂರು ನಿಯಮಗಳಲ್ಲಿ ಯಾವುದೂ ಎಲೆ ಹೇಗೆ ಆಡಬೇಕೆಂದು ಹೇಳುವುದಿಲ್ಲ ಎಂಬುದನ್ನು ಗಮನಿಸಿ. ಮೂರೂ ಹೇಳುವುದು ಒಂದನ್ನೇ: ಯಾವುದೇ ಒಂದು ಗಳಿಗೆಯಲ್ಲಿ ನಿಮ್ಮ ಹಣದ ಎಷ್ಟು ಪಾಲು ಟೇಬಲ್ಲಿನ ಮೇಲೆ ಇರಬೇಕು.

ನಾನು ನ್ಯೂಜೆರ್ಸಿಯಲ್ಲಿ ಕೆಲಸಮಾಡುತ್ತ, ಸಂಜೆಯ ಬಿಡುವಿನಲ್ಲಿ ಕಲಿತದ್ದನ್ನು ಇಲ್ಲಿ ಹೆಜ್ಜೆಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಹೊರಡುವ ಮೊದಲು: ನೀವು ಎಲ್ಲಿದ್ದೀರಿ?

ಹಣ ಕಟ್ಟಿ ಆಡುವ ಆನ್‌ಲೈನ್ ಪೋಕರ್‌ಗೆ ಪರವಾನಗಿ ಇರುವ ಕಡೆ ನೆಲೆಸಿರುವ ವಯಸ್ಕರಿಗೆ ಮಾತ್ರ ಈ ಹೆಜ್ಜೆಗಳು ಅನ್ವಯಿಸುತ್ತವೆ. ಕರ್ನಾಟಕದಲ್ಲಿ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿ ಆನ್‌ಲೈನ್ ಹಣದಾಟವನ್ನು ನಿಷೇಧಿಸಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿ, ಆಗಸ್ಟ್ 22ರಂದು ರಾಷ್ಟ್ರಪತಿಯ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲದ ಆಟ ಮತ್ತು ಅದೃಷ್ಟದ ಆಟ ಎಂಬ ಭೇದವನ್ನೇ ಬದಿಗಿಟ್ಟು, ಹಣ ಪಣವಾಗಿರುವ ಎಲ್ಲ ಆನ್‌ಲೈನ್ ಆಟಗಳ ಸೇವೆ, ಜಾಹೀರಾತು ಮತ್ತು ಹಣ ಪಾವತಿಯನ್ನು ದೇಶದಾದ್ಯಂತ ನಿಷೇಧಿಸಿತು. ಅದರ ಬೆನ್ನಲ್ಲೇ ಭಾರತದ ಕಂಪನಿಗಳು ಹಣದ ಟೇಬಲ್ಲುಗಳನ್ನು ಮುಚ್ಚಿದವು. ಆದ್ದರಿಂದ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತು ವಿಪಿಎನ್ ಹಾಕಿಕೊಂಡು ಹೊರದೇಶದ ಸೈಟಿನಲ್ಲಿ ಆಡುವ ದಾರಿಯನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ. ಕಾನೂನಿನ ಮಾತು ಹಾಗಿರಲಿ, ಸ್ಥಳ ಮರೆಮಾಚಿದ್ದು ಗೊತ್ತಾದರೆ ಸೈಟು ಖಾತೆಯನ್ನು ಮುಚ್ಚಿ ಹಣ ತಡೆಹಿಡಿಯಬಹುದು, ಆಗ ದೂರು ಕೊಡಲು ನಿಮಗೆ ಎಲ್ಲಿಯೂ ನೆಲೆ ಇರುವುದಿಲ್ಲ. ಊರಿನಲ್ಲಿರುವ ಆಸಕ್ತರು ಉಚಿತ ಚಿಪ್ಪುಗಳ ಟೇಬಲ್ಲಿನಲ್ಲಿ ಇದೇ ಲೆಕ್ಕ, ಇದೇ ಪುಸ್ತಕ ಇಟ್ಟುಕೊಂಡು ಅಭ್ಯಾಸ ಮಾಡಬಹುದು.

ಅಮೆರಿಕದಲ್ಲಿ ಇದು ರಾಜ್ಯದ ವಿಷಯ. ನೆವಾಡ, ನ್ಯೂಜೆರ್ಸಿಗಳಲ್ಲಿ 2013ರಿಂದ, ಪೆನ್ಸಿಲ್ವೇನಿಯದಲ್ಲಿ 2019ರಿಂದ, ಮಿಷಿಗನ್‌ನಲ್ಲಿ 2021ರಿಂದ ಪರವಾನಗಿ ಪಡೆದ ಸೈಟುಗಳಿವೆ. ವಯಸ್ಸು 21 ತುಂಬಿರಬೇಕು, ಆಡುವ ಹೊತ್ತಿನಲ್ಲಿ ಅಂಥ ರಾಜ್ಯದ ಗಡಿಯೊಳಗೇ ಇರಬೇಕು. ಬ್ರಿಟನ್‌ನಲ್ಲಿ 18 ತುಂಬಿದವರು ಅಲ್ಲಿನ ಗ್ಯಾಂಬ್ಲಿಂಗ್ ಕಮಿಷನ್ನಿನ ಪರವಾನಗಿ ಇರುವ ಸೈಟಿನಲ್ಲಿ ಆಡಬಹುದು. ಆಸ್ಟ್ರೇಲಿಯದಲ್ಲಿ 2017ರ ತಿದ್ದುಪಡಿಯ ನಂತರ ಆನ್‌ಲೈನ್ ಪೋಕರ್ ಸೇವೆ ಕಾನೂನುಬಾಹಿರವಾದ್ದರಿಂದ ಮೆಲ್ಬರ್ನ್, ಸಿಡ್ನಿಯ ಕನ್ನಡಿಗರಿಗೂ ಉಚಿತ ಟೇಬಲ್ಲೇ ಗತಿ.

ಮೊದಲ ಹೆಜ್ಜೆ: ಹಣವನ್ನು ಬೇರೆ ಮಾಡುವುದು

ಬ್ಯಾಂಕ್‌ರೋಲ್ ಎಂದರೆ ಆಟಕ್ಕೆಂದೇ ಎತ್ತಿಟ್ಟ, ಪೂರ್ತಿ ಹೋದರೂ ಮನೆಯ ಯಾವ ಖರ್ಚಿಗೂ ತೊಂದರೆಯಾಗದ ಹಣ. ಬಾಡಿಗೆ, ಸಾಲದ ಕಂತು, ಮಕ್ಕಳ ಫೀಸು, ಊರಿಗೆ ತಂದೆತಾಯಿಗೆ ಕಳಿಸುವ ಹಣ ಇವುಗಳ ಜೊತೆ ಒಂದೇ ಖಾತೆಯಲ್ಲಿ ಇರುವ ಹಣ ಬ್ಯಾಂಕ್‌ರೋಲ್ ಆಗುವುದಿಲ್ಲ, ಏಕೆಂದರೆ ಸೋತ ರಾತ್ರಿ ಅದರ ಗಡಿ ಎಲ್ಲಿದೆ ಎಂಬುದು ಕಾಣುವುದಿಲ್ಲ. ಬೇರೆಯದೇ ಒಂದು ಉಳಿತಾಯ ಖಾತೆ ತೆರೆಯಿರಿ, ಅದರಿಂದ ಒಮ್ಮೆ ಮಾತ್ರ ಸೈಟಿಗೆ ಹಣ ಹಾಕಿ, ಮತ್ತು ಆ ಮೊತ್ತವನ್ನು ಹೆಂಡತಿಗೋ ಗಂಡನಿಗೋ ತಿಳಿಸಿ. ಮನೆಯವರಿಗೆ ಹೇಳಲು ಹಿಂಜರಿಕೆಯಾಗುವ ಮೊತ್ತ ನಿಮ್ಮ ಮಟ್ಟಕ್ಕೆ ಹೆಚ್ಚಿನದೇ ಆಗಿರುತ್ತದೆ.

ಕ್ರೆಡಿಟ್ ಕಾರ್ಡಿನಿಂದ ಎಂದಿಗೂ ಹಣ ಹಾಕಬೇಡಿ. ಬ್ರಿಟನ್ 2020ರ ಏಪ್ರಿಲ್‌ನಿಂದ ಜೂಜಿಗೆ ಕ್ರೆಡಿಟ್ ಕಾರ್ಡ್ ಬಳಸುವುದನ್ನೇ ನಿಷೇಧಿಸಿದೆ. ನಿಮ್ಮ ರಾಜ್ಯದಲ್ಲಿ ಅಂಥ ತಡೆ ಇರಲಿ ಬಿಡಲಿ, ಈ ನಿಯಮವನ್ನು ನೀವೇ ಹಾಕಿಕೊಳ್ಳುವುದು ಲೇಸು.

ಎರಡನೆಯ ಹೆಜ್ಜೆ: ತೀರ ಕೆಳಗಿನ ಟೇಬಲ್ಲನ್ನೇ ಆರಿಸುವುದು

ನಗದು ಆಟದ ಅತಿ ಕೆಳಗಿನ ಹಂತದಲ್ಲಿ ಸಣ್ಣ ಬ್ಲೈಂಡ್ ಒಂದು ಸೆಂಟು, ದೊಡ್ಡ ಬ್ಲೈಂಡ್ ಎರಡು ಸೆಂಟು. ವಾಡಿಕೆಯಂತೆ ಟೇಬಲ್ಲಿಗೆ ದೊಡ್ಡ ಬ್ಲೈಂಡಿನ ನೂರು ಪಟ್ಟು, ಅಂದರೆ ಎರಡು ಡಾಲರ್ ಒಯ್ಯುತ್ತಾರೆ. ಇದನ್ನೇ ಒಂದು ಬೈ-ಇನ್ ಎನ್ನುವುದು. ಮೇಲಿನ ಹಂತಗಳ ಬೈ-ಇನ್ ಕ್ರಮವಾಗಿ 5, 10, 25 ಡಾಲರ್. ಕೈತುಂಬ ಸಂಬಳ ಬರುವ ಎಂಜಿನಿಯರಿಗೆ ಎರಡು ಡಾಲರಿನ ಟೇಬಲ್ಲು ಸಮಯ ಹಾಳೆನ್ನಿಸುವುದು ಸಹಜ. ಆದರೂ ಅಲ್ಲಿಂದಲೇ ಆರಂಭಿಸಬೇಕು ಎನ್ನಲು ಕಾರಣವಿದೆ. ಆಟ ಕಲಿಯುವಾಗ ಆಗುವ ತಪ್ಪುಗಳು ಎರಡು ಡಾಲರಿನ ಟೇಬಲ್ಲಿನಲ್ಲೂ ಇನ್ನೂರು ಡಾಲರಿನ ಟೇಬಲ್ಲಿನಲ್ಲೂ ಒಂದೇ. ತೆರುವ ಬೆಲೆ ಮಾತ್ರ ನೂರು ಪಟ್ಟು.

ಕೆಳಹಂತದಲ್ಲಿ ಗಳಿಕೆ ಎಷ್ಟು ಎಂಬುದನ್ನೂ ಮುಚ್ಚುಮರೆಯಿಲ್ಲದೆ ಲೆಕ್ಕ ಹಾಕೋಣ. ಪೋಕರ್‌ನಲ್ಲಿ ಗೆಲುವಿನ ವೇಗವನ್ನು ನೂರು ಹ್ಯಾಂಡಿಗೆ, ಅಂದರೆ ಎಲೆ ಹಂಚಿ ಆಡಿ ಮುಗಿಸಿದ ನೂರು ಸುತ್ತಿಗೆ, ಎಷ್ಟು ದೊಡ್ಡ ಬ್ಲೈಂಡ್ ಎಂದು ಅಳೆಯುತ್ತಾರೆ. ನೂರಕ್ಕೆ 5 ಬ್ಲೈಂಡ್ ಗೆಲ್ಲುವವರು ಒಳ್ಳೆಯ ಆಟಗಾರರೇ. ಎರಡು ಸೆಂಟಿನ ಬ್ಲೈಂಡಿನಲ್ಲಿ ಅದು ನೂರು ಹ್ಯಾಂಡಿಗೆ 10 ಸೆಂಟು. ನಾಲ್ಕು ಟೇಬಲ್ಲು ಒಟ್ಟಿಗೆ ತೆರೆದು ಗಂಟೆಗೆ ಸುಮಾರು 300 ಹ್ಯಾಂಡ್ ಆಡಿದರೂ ಗಂಟೆಗೆ 30 ಸೆಂಟು. 60 ಡಾಲರಿನಿಂದ ಹೊರಟು 150 ಮುಟ್ಟಲು 90,000 ಹ್ಯಾಂಡ್, ಅಂದರೆ 300 ಗಂಟೆ. ದಿನಕ್ಕೊಂದು ಗಂಟೆಯಂತೆ ಹತ್ತು ತಿಂಗಳು. ಫರ್ಗುಸನ್ ಅವರ 16 ತಿಂಗಳು ಈಗ ಅಚ್ಚರಿಯೆನಿಸುವುದಿಲ್ಲ. ಆದ್ದರಿಂದ ಇದನ್ನು ಆದಾಯವೆಂದು ಎಣಿಸಿ ಬರುವವರು ಬಾರದಿರುವುದೇ ಒಳ್ಳೆಯದು. ಈ ಹಂತದಲ್ಲಿ ದೊರೆಯುವುದು ಕಲಿಕೆ.

ಮೂರನೆಯ ಹೆಜ್ಜೆ: ಎಷ್ಟು ಬೈ-ಇನ್ ಬೇಕು ಎಂಬ ಲೆಕ್ಕ

ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ಎರಡು ಸಲ ಓದಬೇಕೆಂದಿದ್ದರೆ ಇದನ್ನು ಓದಿ. ಅಂದರ್ ಬಾಹರ್‌ನಲ್ಲಿ ಎಲೆ ಬಿದ್ದ ಕಡೆ ಹಣ. ಆಡುವವನ ನಿರ್ಧಾರಕ್ಕೆ ಅಲ್ಲಿ ಜಾಗವೇ ಇಲ್ಲ. ಪೋಕರ್‌ನಲ್ಲಿ ನಿರ್ಧಾರಕ್ಕೆ ಬೆಲೆ ಇದೆ, ಆದರೆ ಆ ಬೆಲೆ ಕೈಗೆ ಬರುವುದು ಬಹಳ ತಡವಾಗಿ.

ಪ್ರತಿ ಹ್ಯಾಂಡಿನಲ್ಲಿ ಆಟಗಾರರಿಗೆ ಗುಟ್ಟಾಗಿ ಎರಡೆರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಬರುತ್ತವೆ. ಕೈಗೆ ಬರುವ ಎರಡು ಎಕ್ಕಗಳ ಜೋಡಿಯನ್ನೇ ತೆಗೆದುಕೊಳ್ಳಿ. ಅದು ಸರಾಸರಿ 221 ಹ್ಯಾಂಡಿಗೆ ಒಮ್ಮೆ ಬರುತ್ತದೆ. ಎದುರಾಳಿಯ ಕೈಯಲ್ಲಿ ಎರಡು ರಾಜ ಇದ್ದು, ಇಬ್ಬರೂ ಎರಡೆರಡು ಡಾಲರನ್ನು ಪೂರ್ತಿ ಮುಂದೆ ತಳ್ಳಿದರು ಎನ್ನೋಣ. ಇದಕ್ಕಿಂತ ಒಳ್ಳೆಯ ಸ್ಥಿತಿ ಈ ಆಟದಲ್ಲಿ ಅಪರೂಪ. ಆದರೂ ಎಕ್ಕಗಳು ಗೆಲ್ಲುವುದು ನೂರಕ್ಕೆ ಸುಮಾರು 82 ಸಲ. ಉಳಿದ 18 ಸಲ, ಹೆಚ್ಚಾಗಿ ಮೇಜಿನ ಮೇಲೆ ಇನ್ನೊಂದು ರಾಜ ಮಗುಚಿ ಬೀಳುವುದನ್ನು ನೀವು ನೋಡುತ್ತ ಕೂರಬೇಕು. ನೀವು ಮಾಡಿದ್ದರಲ್ಲಿ ತಪ್ಪಿಲ್ಲ, ಹಣ ಮಾತ್ರ ಹೋಗಿರುತ್ತದೆ.

ಇಂಥ ಏರಿಳಿತವನ್ನು ಅಂಕಿಯಲ್ಲಿ ಹಿಡಿಯಬಹುದು. ಆರು ಜನರ ಟೇಬಲ್ಲಿನಲ್ಲಿ ನೂರು ಹ್ಯಾಂಡಿನ ಫಲಿತಾಂಶ ಸರಾಸರಿಯಿಂದ ಅತ್ತಿತ್ತ ತೂಗುವ ಪ್ರಮಾಣ, ಅಂದರೆ ಸಂಖ್ಯಾಶಾಸ್ತ್ರದ ಮಾನಕ ವಿಚಲನೆ, ಸಾಮಾನ್ಯವಾಗಿ 80ರಿಂದ 100 ಬ್ಲೈಂಡ್. ನಡುವಿನ 90 ಇಟ್ಟುಕೊಳ್ಳೋಣ. ನೂರಕ್ಕೆ 5 ಬ್ಲೈಂಡ್ ಗೆಲ್ಲುವ ಶಕ್ತಿಯಿರುವವರು 10,000 ಹ್ಯಾಂಡ್ ಆಡಿದರೆ 500 ಬ್ಲೈಂಡ್ ಗೆಲ್ಲಬೇಕು. ಆದರೆ ಅಷ್ಟು ಹ್ಯಾಂಡಿಗೆ ತೂಗಾಟ 900 ಬ್ಲೈಂಡ್. ಹಾಗಾಗಿ 10,000 ಹ್ಯಾಂಡ್ ಮುಗಿಸಿದ ಮೇಲೂ ಒಳ್ಳೆಯ ಆಟಗಾರರು ನಷ್ಟದಲ್ಲೇ ಇರುವ ಸಾಧ್ಯತೆ ಶೇ. 29ರಷ್ಟು. ಒಂದು ಲಕ್ಷ ಹ್ಯಾಂಡ್ ಆಡಿದ ಮೇಲೆ ಅದು ಶೇ. 4ಕ್ಕೆ ಇಳಿಯುತ್ತದೆ. ಇದರ ಇನ್ನೊಂದು ಮಗ್ಗುಲನ್ನೂ ಮರೆಯಬಾರದು: ಸೋಲುವ ಮಟ್ಟದ ಆಟಗಾರರು 10,000 ಹ್ಯಾಂಡಿನ ನಂತರ ಲಾಭದಲ್ಲಿದ್ದು, ತಾವು ಚೆನ್ನಾಗಿ ಆಡುತ್ತಿದ್ದೇವೆಂದು ನಂಬಿರುವುದೂ ಅಷ್ಟೇ ಸಾಮಾನ್ಯ.

ಇದೇ ಅಂಕಿಗಳಿಂದ ಬಂಡವಾಳ ಪೂರ್ತಿ ಕರಗುವ ಸಾಧ್ಯತೆಯನ್ನೂ ಹಾಕಬಹುದು. ನೂರಕ್ಕೆ 5 ಬ್ಲೈಂಡ್ ಗೆಲ್ಲುವವರ ಬಳಿ 20 ಬೈ-ಇನ್ ಇದ್ದರೆ ಅದು ಶೇ. 8.5, 30 ಇದ್ದರೆ ಶೇ. 2.5, 40 ಇದ್ದರೆ ಶೇ. 1ಕ್ಕೂ ಕಡಿಮೆ. ಆದರೆ ನೂರಕ್ಕೆ 2 ಬ್ಲೈಂಡ್ ಮಾತ್ರ ಗೆಲ್ಲುವವರಿಗೆ ಇದೇ ಸಾಧ್ಯತೆ 20 ಬೈ-ಇನ್‌ಗೆ ಶೇ. 37, 30ಕ್ಕೆ ಶೇ. 23, 40ಕ್ಕೆ ಶೇ. 14. ಗೆಲುವಿನ ಅಂಚು ತೆಳುವಾದಷ್ಟೂ ಬಂಡವಾಳ ದಪ್ಪವಾಗಿರಬೇಕು ಎಂದಾಯಿತು. ಗೆಲುವಿನ ವೇಗ ಸೊನ್ನೆಯೋ ಅದಕ್ಕಿಂತ ಕಡಿಮೆಯೋ ಆದರೆ ಎಷ್ಟು ಬೈ-ಇನ್ ಇಟ್ಟುಕೊಂಡರೂ ಕೊನೆಗೆ ಎಲ್ಲವೂ ಹೋಗುತ್ತದೆ. ಬಂಡವಾಳದ ಶಿಸ್ತು ಸೋಲುವ ಆಟವನ್ನು ಗೆಲ್ಲುವ ಆಟವಾಗಿ ಮಾಡಲಾರದು, ಗೆಲ್ಲುವ ಆಟಕ್ಕೆ ಬದುಕುಳಿಯುವ ಕಾಲಾವಕಾಶವನ್ನಷ್ಟೇ ಕೊಡುತ್ತದೆ.

ಹೊಸಬರಿಗೆ ನಾನು ಹೇಳುವುದು ಎರಡು ಡಾಲರಿನ ಟೇಬಲ್ಲಿಗೆ 30 ಬೈ-ಇನ್, ಅಂದರೆ 60 ಡಾಲರ್. ಪಂದ್ಯಗಳನ್ನೇ ಆಡುವವರಿಗೆ ಇದು ಸಾಲದು. ನೂರಾರು ಜನರ ಪಂದ್ಯದಲ್ಲಿ ಬಹುಮಾನದ ಹೆಚ್ಚು ಪಾಲು ಮೊದಲ ಕೆಲವರಿಗೇ ಹೋಗುವುದರಿಂದ ಬರಿಗೈಯಲ್ಲಿ ಏಳುವ ದಿನಗಳೇ ಹೆಚ್ಚು; ಅಲ್ಲಿ ಪ್ರವೇಶ ಶುಲ್ಕದ ನೂರು ಪಟ್ಟಿಗಿಂತ ಕಡಿಮೆ ಬಂಡವಾಳದಿಂದ ಹೊರಡಬೇಡಿ.

ನಾಲ್ಕನೆಯ ಹೆಜ್ಜೆ: ಏರುವ, ಇಳಿಯುವ ಗೆರೆಗಳನ್ನು ಮೊದಲೇ ಬರೆದಿಡುವುದು

ನನ್ನ ಮೇಜಿನ ಮೇಲೆ ಇನ್ನೂರು ಪುಟದ ಗೆರೆ ಹಾಕಿದ ಒಂದು ನೋಟ್‌ಬುಕ್ಕಿದೆ. ಅದರ ಮೊದಲ ಪುಟದಲ್ಲಿ ನೀಲಿ ಇಂಕಿನಲ್ಲಿ ನಾಲ್ಕು ಸಾಲು ಬರೆದಿದ್ದೇನೆ. 60 ಡಾಲರಿನಿಂದ ಎರಡರ ಟೇಬಲ್ಲು. 150 ಆದಾಗ ಐದರ ಟೇಬಲ್ಲು, 100ಕ್ಕಿಂತ ಕೆಳಗಿಳಿದರೆ ಮತ್ತೆ ಎರಡಕ್ಕೆ. 350 ಆದಾಗ ಹತ್ತರ ಟೇಬಲ್ಲು, 250ಕ್ಕಿಂತ ಕೆಳಗಿಳಿದರೆ ಐದಕ್ಕೆ. 1,000 ಆದಾಗ ಇಪ್ಪತ್ತೈದರ ಟೇಬಲ್ಲು, 700ಕ್ಕಿಂತ ಕೆಳಗಿಳಿದರೆ ಹತ್ತಕ್ಕೆ. ಮೇಲೇರಿದಂತೆ ಎದುರಾಳಿಗಳು ಗಟ್ಟಿಯಾಗುತ್ತಾರೆ, ಗೆಲುವಿನ ವೇಗ ಕುಗ್ಗುತ್ತದೆ. ಆದ್ದರಿಂದಲೇ ಬೈ-ಇನ್‌ಗಳ ಸಂಖ್ಯೆ 30ರಿಂದ 35ಕ್ಕೆ, 40ಕ್ಕೆ ಏರುತ್ತ ಹೋಗಿದೆ. ಏರುವ ಗೆರೆಗೂ ಇಳಿಯುವ ಗೆರೆಗೂ ನಡುವೆ ಸಾಕಷ್ಟು ಅಂತರ ಬಿಟ್ಟಿರುವುದು ಒಂದು ಸಣ್ಣ ಸೋಲಿಗೇ ಕೆಳಗಿಳಿದು, ಒಂದು ಸಣ್ಣ ಗೆಲುವಿಗೇ ಮೇಲೇರುವ ಗೊಂದಲ ಬಾರದಿರಲಿ ಎಂದು.

ಏರುವುದು ಯಾರಿಗೂ ಕಷ್ಟವಲ್ಲ. ಶಿಸ್ತು ಎಂಬ ಮಾತಿಗೆ ಈ ಆಟದಲ್ಲಿ ನಿಜವಾದ ಅರ್ಥ ಬರುವುದು ಇಳಿಯುವಾಗ. ಐದರ ಟೇಬಲ್ಲಿನಲ್ಲಿ ಮೂರು ತಿಂಗಳು ಕೂತವರಿಗೆ ಮತ್ತೆ ಎರಡರ ಟೇಬಲ್ಲಿಗೆ ಹೋಗುವುದು ಹಿಂಬಡ್ತಿಯಂತೆ ಕಾಣುತ್ತದೆ, ಅಲ್ಲಿಯ ಗೆಲುವು ಲೆಕ್ಕಕ್ಕೇ ಬಾರದ್ದು ಎನಿಸುತ್ತದೆ, ಮತ್ತು ಸರಿಯಾಗಿ ಆ ಹೊತ್ತಿನಲ್ಲೇ ಮೇಲಿನ ಟೇಬಲ್ಲಿನಲ್ಲಿ ಒಂದೇ ಒಂದು ಒಳ್ಳೆಯ ಹ್ಯಾಂಡ್ ಬಂದರೆ ಎಲ್ಲವೂ ಸರಿಹೋದೀತು ಎಂಬ ಯೋಚನೆ ಹುಟ್ಟುತ್ತದೆ. ಅದಕ್ಕಾಗಿಯೇ ಗೆರೆಗಳನ್ನು ಮನಸ್ಸು ಶಾಂತವಾಗಿದ್ದಾಗ, ಕಾಗದದ ಮೇಲೆ, ಅಂಕಿಗಳಲ್ಲಿ ಬರೆಯಬೇಕು.

ಈ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಒಂದು ಚಳಿಗಾಲದ ಶುಕ್ರವಾರ ರಾತ್ರಿ ನನ್ನ ಬಳಿ 170 ಡಾಲರ್ ಇತ್ತು, ಐದರ ಟೇಬಲ್ಲಿನಲ್ಲಿದ್ದೆ. ಮೂರು ಬೈ-ಇನ್ ಸಾಲಾಗಿ ಹೋದವು. ಮೂರನೆಯದರಲ್ಲಿ ನನ್ನ ಮೂರು ಒಂಬತ್ತುಗಳ ಮೇಲೆ ಎದುರಾಳಿ ಮೂರು ರಾಣಿ ತೋರಿಸಿದರು. ಉಳಿದದ್ದು 155; ನೋಟ್‌ಬುಕ್ಕಿನ ಪ್ರಕಾರ ಅದೇ ಟೇಬಲ್ಲಿನಲ್ಲಿ ಮುಂದುವರಿಯಬಹುದಿತ್ತು, ಅಥವಾ ಎದ್ದು ಮಲಗಬಹುದಿತ್ತು. ನಾನು ನೋಟ್‌ಬುಕ್ಕನ್ನು ಮುಚ್ಚಿ ಇಪ್ಪತ್ತೈದರ ಟೇಬಲ್ಲನ್ನು ತೆರೆದೆ. ಒಂದು ಗಂಟೆ ಹತ್ತು ನಿಮಿಷದಲ್ಲಿ 75 ಡಾಲರ್ ಹೋಗಿ 80 ಉಳಿಯಿತು. ಎರಡರ ಟೇಬಲ್ಲಿಗೆ ಮರಳಿ 150ನ್ನು ಮತ್ತೆ ಮುಟ್ಟಲು ನಾಲ್ಕು ತಿಂಗಳು ಬೇಕಾದವು. ಮೊತ್ತ ದೊಡ್ಡದಲ್ಲ, ಆದರೆ ಆ ನಾಲ್ಕು ತಿಂಗಳ ಪ್ರತಿ ಸಂಜೆಯೂ ಆ ಒಂದು ಗಂಟೆಯ ನೆನಪು ನನ್ನ ಜೊತೆ ಕೂತಿತ್ತು. ಕಳೆದುಕೊಂಡ ಜಾಗದಲ್ಲೇ ಹುಡುಕಬೇಕು ಎಂಬ ನಮ್ಮ ಮಾತು ಉಂಗುರಕ್ಕೋ ಬೀಗದ ಕೈಗೋ ಸರಿ. ಟೇಬಲ್ಲಿನಲ್ಲಿ ಹೋದ ಹಣ ಆ ಟೇಬಲ್ಲಿನಲ್ಲಿ ಇರುವುದಿಲ್ಲ.

ಆ ರಾತ್ರಿಯ ನಂತರ ಮೊದಲ ಪುಟಕ್ಕೆ ಐದನೆಯ ಸಾಲು ಸೇರಿಸಿದೆ: ಒಂದೇ ದಿನ ಮೂರು ಬೈ-ಇನ್ ಹೋದರೆ ಆ ದಿನದ ಆಟ ಮುಗಿಯಿತು. ಹೀಗೆ ಎದ್ದರೆ ಅದೃಷ್ಟ ಬದಲಾಗುತ್ತದೆ ಎಂದಲ್ಲ, ಎಲೆಗಳಿಗೆ ನಿನ್ನೆ ಇವತ್ತಿನ ನೆನಪಿಲ್ಲ. ಮೂರು ಸಲ ಸೋತ ಮೇಲೆ ಆಡುವವರ ತಲೆ ಮೊದಲಿನಂತೆ ಕೆಲಸ ಮಾಡುವುದಿಲ್ಲ ಎಂಬುದೇ ಕಾರಣ. ಆಟಗಾರರು ಟಿಲ್ಟ್ ಎಂದು ಕರೆಯುವುದು ಈ ಸ್ಥಿತಿಯನ್ನೇ. ಅದರ ಗುರುತು ಎಲ್ಲರಲ್ಲೂ ಒಂದೇ ಅಲ್ಲ. ಕೆಲವರು ಸಿಟ್ಟಿನಿಂದ ಪಣ ಏರಿಸುತ್ತಾರೆ. ನನ್ನಲ್ಲಿ ಅದು ನಿರ್ಧಾರದ ವೇಗವಾಗಿ ಕಾಣುತ್ತದೆ, ಪಾಟಿನಲ್ಲಿ, ಅಂದರೆ ಎಲ್ಲರೂ ಕಟ್ಟಿ ನಡುವೆ ಸೇರಿದ ಹಣದಲ್ಲಿ, ಎಷ್ಟಿದೆ ಎಂದು ನೋಡುವ ಮೊದಲೇ ಬೆರಳು ಒತ್ತಿರುತ್ತದೆ. ನಿಮ್ಮ ಗುರುತು ಯಾವುದೆಂದು ಕಂಡುಕೊಂಡು ಅದನ್ನೂ ಅದೇ ಪುಟದಲ್ಲಿ ಬರೆದಿಡಿ.

ಐದನೆಯ ಹೆಜ್ಜೆ: ಕಡಿಮೆ ಆಡುವುದು, ಸೈಟಿನ ಪಾಲನ್ನು ಲೆಕ್ಕಕ್ಕೆ ಹಿಡಿಯುವುದು

ಆಟದ ತಂತ್ರವನ್ನು ಇಲ್ಲಿ ಪೂರ್ತಿ ಹೇಳಲಾಗದು; ಬಂಡವಾಳಕ್ಕೆ ನೇರವಾಗಿ ಸಂಬಂಧಿಸಿದ ಎರಡನ್ನು ಹೇಳುತ್ತೇನೆ. ಒಂದು, ಪ್ರತಿ ಪಾಟಿನಿಂದ ಸೈಟು ತನ್ನ ಪಾಲು ತೆಗೆಯುತ್ತದೆ. ಇದನ್ನು ರೇಕ್ ಎನ್ನುತ್ತಾರೆ, ಕೆಳಹಂತದಲ್ಲಿ ಅದು ಸುಮಾರು ಶೇ. 5. ಒಂದು ಡಾಲರಿನ ಪಾಟಿನಿಂದ ಐದು ಸೆಂಟು ಎಂದರೆ ಎರಡು ಸೆಂಟಿನ ಟೇಬಲ್ಲಿನಲ್ಲಿ ಎರಡೂವರೆ ಬ್ಲೈಂಡ್. ನೂರು ಹ್ಯಾಂಡಿಗೆ ಐದು ಬ್ಲೈಂಡ್ ಗೆಲ್ಲಲು ಹೆಣಗುವವರಿಗೆ ಇದು ಸಣ್ಣ ಮೊತ್ತವಲ್ಲ. ಎದುರಾಳಿಗಳಷ್ಟೇ ಚೆನ್ನಾಗಿ ಆಡಿದರೆ ಸಾಲದು, ಈ ಪಾಲನ್ನೂ ಮೀರಿಸುವಷ್ಟು ಚೆನ್ನಾಗಿ ಆಡಬೇಕು. ಬಹುಪಾಲು ಆಟಗಾರರು ಕಾಲಕ್ರಮೇಣ ಸೋಲುವುದಕ್ಕೆ ಇದು ದೊಡ್ಡ ಕಾರಣ. ಹಾಗಾಗಿ ಸುಮ್ಮನೆ ಸಣ್ಣ ಸಣ್ಣ ಪಾಟುಗಳೊಳಗೆ ಇಣುಕುವುದನ್ನು ಬಿಡಿ. ಆರು ಜನರ ಟೇಬಲ್ಲಿನಲ್ಲಿ ಮೊದಲು ಮಾತಾಡಬೇಕಾದ ಜಾಗದಲ್ಲಿದ್ದಾಗ ನೂರಕ್ಕೆ ಹದಿನೈದು ಹ್ಯಾಂಡ್ ಆಡಿದರೆ ಸಾಕು. ಎಲ್ಲರ ನಂತರ ಮಾತಾಡುವ ಬಟನ್ ಜಾಗದಲ್ಲಿ ನಲವತ್ತರ ಆಸುಪಾಸಿಗೆ ಹೋಗಬಹುದು.

ಎರಡು, ಎದುರಾಳಿಯ ಪಣಕ್ಕೆ ಸಮ ಕಟ್ಟುವ ಮೊದಲು ಭಾಗಾಕಾರ ಮಾಡಿ. ಪಾಟಿನಲ್ಲಿ 30 ಸೆಂಟಿದೆ, ಎದುರಾಳಿ 15 ಸೆಂಟು ಹಾಕಿದರು, ಒಂದೇ ಎಲೆ ಬರಬೇಕಿದೆ, ನಿಮಗೆ ಫ್ಲಶ್ (ಒಂದೇ ಗುರುತಿನ ಐದು ಎಲೆ) ಆಗಲು ಇನ್ನೊಂದು ಆಟೀನು ಬೇಕು. ನೀವು 15 ಕಟ್ಟಿದರೆ ಪಾಟು 60 ಆಗುತ್ತದೆ. 60ರಲ್ಲಿ 15 ಎಂದರೆ ಕಾಲುಭಾಗ, ಅಂದರೆ ನೂರಕ್ಕೆ 25 ಸಲವಾದರೂ ಗೆಲ್ಲಬೇಕು. ನಿಮ್ಮ ಎರಡು, ಮೇಜಿನ ನಾಲ್ಕು ಎಲೆ ಬಿಟ್ಟರೆ ಕಾಣದ 46 ಎಲೆಗಳಲ್ಲಿ ಉಳಿದಿರುವ ಆಟೀನು ಒಂಬತ್ತು, ಅದು ಶೇ. 20ಕ್ಕೂ ಸ್ವಲ್ಪ ಕಡಿಮೆ. ಆ ಎಲೆ ಬಂದ ಮೇಲೆ ಎದುರಾಳಿಯಿಂದ ಇನ್ನಷ್ಟು ಹಣ ಬರುತ್ತದೆಂಬ ಭರವಸೆ ಇಲ್ಲದಿದ್ದರೆ ಇದು ಫೋಲ್ಡ್, ಅಂದರೆ ಎಲೆ ಕೆಳಗಿಟ್ಟು ಬಿಟ್ಟುಕೊಡಬೇಕು. ಐದು ಸೆಕೆಂಡಿನ ಈ ಲೆಕ್ಕವನ್ನು ಸಾವಿರ ಸಲ ಮಾಡಿದವರ ಬಂಡವಾಳವೂ ಮಾಡದವರ ಬಂಡವಾಳವೂ ವರ್ಷದ ಕೊನೆಗೆ ಒಂದೇ ಇರುವುದಿಲ್ಲ.

ಖಾತೆಗೆ ಹಣ ಹಾಕಿದ್ದಕ್ಕೆ ಸೈಟು ಕೊಡುವ ಬೋನಸ್ಸು ಸಾಮಾನ್ಯವಾಗಿ ನೀವು ರೇಕ್ ಕಟ್ಟಿದಂತೆಲ್ಲ ಕಂತುಕಂತಾಗಿ ಬಿಡುಗಡೆಯಾಗುತ್ತದೆ. ಗಡುವಿನೊಳಗೆ ಅದನ್ನು ಮುಗಿಸಲೆಂದು ಮೇಲಿನ ಟೇಬಲ್ಲಿಗೆ ಹೋಗಬೇಡಿ.

ಆರನೆಯ ಹೆಜ್ಜೆ: ಬರೆದಿಡುವುದು ಮತ್ತು ಹಿಂತಿರುಗಿ ನೋಡುವುದು

ಪ್ರತಿ ಸಲ ಆಡಿ ಎದ್ದ ಮೇಲೆ ತಾರೀಖು, ಎಷ್ಟು ಹೊತ್ತು, ಯಾವ ಟೇಬಲ್ಲು, ಎಷ್ಟು ಹ್ಯಾಂಡ್, ಬಂಡವಾಳ ಈಗೆಷ್ಟು, ಇಷ್ಟನ್ನು ಒಂದು ಸಾಲಿನಲ್ಲಿ ಬರೆಯಿರಿ. ಕಡೆಯ ಅಂಕಣದಲ್ಲಿ ಆ ದಿನದ ಅತಿ ಕಠಿಣವೆನಿಸಿದ ಒಂದು ನಿರ್ಧಾರವನ್ನು ಬರೆಯಿರಿ, ಗೆದ್ದ ಹ್ಯಾಂಡಾಗಿದ್ದರೂ ಸರಿ. ಪೋಕರ್ ಟ್ರ್ಯಾಕರ್‌ನಂಥ ತಂತ್ರಾಂಶ ಪ್ರತಿ ಹ್ಯಾಂಡನ್ನೂ ದಾಖಲಿಸುತ್ತದೆ. ಕೆಲವು ಸೈಟುಗಳಲ್ಲಿ ಅದಕ್ಕೆ ಅವಕಾಶವಿಲ್ಲದ್ದರಿಂದ ನಿಯಮ ಓದಿಕೊಂಡು ಬಳಸಿ. ಆಡುತ್ತಿರುವಾಗಲೇ ಯಾವ ನಿರ್ಧಾರ ಸರಿ ಎಂದು ಹೇಳಿಕೊಡುವ ತಂತ್ರಾಂಶವನ್ನು ಮಾತ್ರ ಮುಟ್ಟಬೇಡಿ, ಅದು ಮೋಸ. ಭಾನುವಾರ ಒಂದು ಗಂಟೆ, ಆಡದೆ, ವಾರದ ಆ ಕಠಿಣ ನಿರ್ಧಾರಗಳನ್ನು ಮಾತ್ರ ಓದಿ. ಮೊದಲ ವರ್ಷ ನನಗೆ ಆಡಿದ ಗಂಟೆಗಳಿಗಿಂತ ಹೆಚ್ಚು ಕಲಿಸಿದ್ದು ಈ ಭಾನುವಾರಗಳು.

ಏಳನೆಯ ಹೆಜ್ಜೆ: ಹಣ ಹೊರಗೆ ತರುವುದು

ಫರ್ಗುಸನ್ ಆಡಿದ ಫುಲ್ ಟಿಲ್ಟ್ ಸೈಟಿನ ಕಥೆಯನ್ನು ಇಲ್ಲಿ ಮುಗಿಸಬೇಕು. ಅದನ್ನು ನಡೆಸುತ್ತಿದ್ದ ಕಂಪನಿಯ ನಿರ್ದೇಶಕರಲ್ಲಿ ಅವರೂ ಒಬ್ಬರು. 2011ರ ಏಪ್ರಿಲ್ 15ರಂದು ಅಮೆರಿಕದ ನ್ಯಾಯ ಇಲಾಖೆ ದೊಡ್ಡ ಪೋಕರ್ ಸೈಟುಗಳ ಮೇಲೆ ಕ್ರಮ ಕೈಗೊಂಡ ಮೇಲೆ, ಫುಲ್ ಟಿಲ್ಟ್‌ನಲ್ಲಿ ಆಟಗಾರರಿಗೆ ಹಿಂತಿರುಗಿಸಬೇಕಾದಷ್ಟು ಹಣವೇ ಇಲ್ಲ ಎಂಬುದು ಬಯಲಾಯಿತು. ಅಮೆರಿಕದ ಆಟಗಾರರಿಗೆ ಹಣ ಮರಳಿ ಬರಲು ಆರಂಭವಾದದ್ದು 2014ರಲ್ಲಿ. ಶಿಸ್ತಿನಿಂದ ಕಟ್ಟಿದ ಬಂಡವಾಳವನ್ನು ಮೂರು ವರ್ಷ ಕಣ್ಣಿಂದಲೂ ಕಾಣದೆ ಕಾದವರಲ್ಲಿ ತಪ್ಪು ಮಾಡಿದವರು ಯಾರೂ ಇರಲಿಲ್ಲ.

ಆದ್ದರಿಂದ ಸೈಟಿನ ಪರದೆಯ ಮೇಲೆ ಕಾಣುವ ಅಂಕಿಯನ್ನು ಬ್ಯಾಂಕಿನ ಠೇವಣಿಯೆಂದು ತಿಳಿಯಬೇಡಿ. ಬ್ರಿಟನ್‌ನಲ್ಲಿ ಪರವಾನಗಿ ಪಡೆದ ಸೈಟುಗಳು ಕಂಪನಿ ಮುಳುಗಿದರೆ ಗ್ರಾಹಕರ ಹಣಕ್ಕೆ ಎಷ್ಟು ರಕ್ಷಣೆ ಇದೆ ಎಂಬುದನ್ನು ತಿಳಿಸಲೇಬೇಕು. ಖಾತೆ ತೆರೆಯುವ ಮೊದಲು ಆ ಸಾಲನ್ನು ಹುಡುಕಿ ಓದಿ. ಮೊದಲ ತಿಂಗಳಲ್ಲೇ ಹತ್ತು ಡಾಲರಿನಷ್ಟು ಸಣ್ಣ ಮೊತ್ತವನ್ನು ಬ್ಯಾಂಕಿಗೆ ವಾಪಸು ತರಿಸಿ ನೋಡಿ, ಎಷ್ಟು ದಿನ ಹಿಡಿಯುತ್ತದೆಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೇಲಿನ ಹಂತ ಮುಟ್ಟಿದಾಗ, ತೆಗೆದ ಮೇಲೂ ಇಳಿಯುವ ಗೆರೆಗಿಂತ ಮೇಲೆ ಉಳಿಯುವಂತಿದ್ದರೆ, ಮೂಲ ಠೇವಣಿಯಷ್ಟನ್ನಾದರೂ ಹೊರಗೆ ತೆಗೆದುಬಿಡುವುದು ನನ್ನ ರೂಢಿ. ಇದರಿಂದ ಏರುವ ವೇಗ ತಗ್ಗುತ್ತದೆ, ಆದರೆ ಅಲ್ಲಿಂದಾಚೆಗೆ ಪಣಕ್ಕಿರುವುದು ಗೆದ್ದ ಹಣ ಮಾತ್ರ.

ತೆರಿಗೆಯ ಕಡೆಗೂ ಗಮನವಿರಲಿ. ಬ್ರಿಟನ್‌ನಲ್ಲಿ ಆಟಗಾರರ ಗೆಲುವಿಗೆ ತೆರಿಗೆ ಇಲ್ಲ. ಅಮೆರಿಕದಲ್ಲಿ ಗೆಲುವು ಆದಾಯ, ಮತ್ತು 2026ರಿಂದ ಸೋಲಿನ ಶೇ. 90ನ್ನು ಮಾತ್ರ ಗೆಲುವಿನಿಂದ ಕಳೆಯಬಹುದು. ವರ್ಷದಲ್ಲಿ 10,000 ಡಾಲರ್ ಗೆದ್ದು ಅಷ್ಟನ್ನೇ ಸೋತವರಿಗೂ 1,000 ಡಾಲರ್ ಆದಾಯವಿದ್ದಂತೆ ಲೆಕ್ಕ. ಪ್ರತಿ ದಿನದ ದಾಖಲೆ ಇಡಲು ಇದೂ ಒಂದು ಕಾರಣ.

ಕಡೆಯ ಹೆಜ್ಜೆ: ನಿಲ್ಲಿಸುವ ಗೆರೆ

60 ಡಾಲರೂ ಹೋದರೆ ಏನು ಮಾಡಬೇಕು ಎಂಬುದನ್ನು ಆಡುವ ಮೊದಲೇ ಬರೆದಿಡಬೇಕು. ನನ್ನ ಪುಟದ ಆರನೆಯ ಸಾಲು ಹೀಗಿದೆ: ಮೂರು ತಿಂಗಳು ಹಣ ಹಾಕುವುದಿಲ್ಲ, ಆ ಮೂರು ತಿಂಗಳು ಉಚಿತ ಚಿಪ್ಪಿನ ಅಭ್ಯಾಸ ಮತ್ತು ಓದು ಮಾತ್ರ. ಎರಡನೆಯ ಸಲವೂ ಬಂಡವಾಳ ಪೂರ್ತಿ ಹೋದರೆ ಈ ಆಟ ನನಗಲ್ಲವೆಂದು ಬಿಡುವುದು. ಪರವಾನಗಿ ಇರುವ ಸೈಟುಗಳಲ್ಲಿ ದಿನಕ್ಕೆ, ವಾರಕ್ಕೆ ಇಷ್ಟೇ ಹಣ ಹಾಕಬಹುದೆಂಬ ಮಿತಿಯನ್ನು ನೀವೇ ಹಾಕಿಕೊಳ್ಳುವ ಸೌಲಭ್ಯವಿದೆ. ಖಾತೆ ತೆರೆದ ದಿನವೇ ಹಾಕಿ.

ಸೋತ ಮೊತ್ತವನ್ನು ಮನೆಯವರಿಂದ ಮುಚ್ಚಿಟ್ಟಿದ್ದರೆ, ಹಾಕಿಕೊಂಡ ಮಿತಿಯನ್ನು ಏರಿಸಲು ಮನಸ್ಸು ಮತ್ತೆ ಮತ್ತೆ ಕಾರಣ ಹುಡುಕುತ್ತಿದ್ದರೆ, ಆಡಲೆಂದು ಸಾಲ ಕೇಳುವ ಯೋಚನೆ ಒಮ್ಮೆಯಾದರೂ ಬಂದಿದ್ದರೆ, ಮೇಲಿನ ಯಾವ ಲೆಕ್ಕವೂ ನಿಮಗೆ ಇನ್ನು ಕೆಲಸಕ್ಕೆ ಬರುವುದಿಲ್ಲ, ಅಲ್ಲಿಗೇ ನಿಲ್ಲಿಸಿ ನೆರವು ಕೇಳಿ. ಬ್ರಿಟನ್‌ನಲ್ಲಿ ಗ್ಯಾಮ್‌ಸ್ಟಾಪ್‌ನಲ್ಲಿ ಒಮ್ಮೆ ಹೆಸರು ನೋಂದಾಯಿಸಿದರೆ ಅಲ್ಲಿನ ಪರವಾನಗಿ ಪಡೆದ ಎಲ್ಲ ಸೈಟುಗಳ ಬಾಗಿಲೂ ಮುಚ್ಚುತ್ತದೆ. ನ್ಯೂಜೆರ್ಸಿಯಲ್ಲೂ ಹಾಗೆ ಸ್ವಯಂ ಹೊರಗುಳಿಯುವ ರಾಜ್ಯದ ಪಟ್ಟಿ ಇದೆ. ಊರಿನಲ್ಲಿರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆನ್‌ಲೈನ್ ಚಟಗಳಿಗೆಂದೇ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ.